ನೀರು ಸಿಕ್ತಾ, ಬೋರಣ್ಣ?

ನಮ್ಮ ಭಾವನಿಗೆ ಬೋರಣ್ಣ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಬೋರ್‌ವೆಲ್ ಲಾರಿಯಲ್ಲಿ ದುಡಿಯುತ್ತಿದ್ದರಿಂದ ಆ ಹೆಸರು ಬಂತು ಎಂದು ಅಕ್ಕ ಹೇಳುತ್ತಾಳೆ. ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂತವರು ಯಾರೂ ಅದನ್ನು ನಂಬುವುದಿಲ್ಲ. ಒಂದು ಬೋರಿನ ಕಥೆ ಶುರು ಮಾಡಿದರೆ ಮೇಲಿನ ಕೆಂಪು ಮಣ್ಣಿನಿಂದ ಕೆಳಗಿನ ಕರಿಕಲ್ಲಿನವರೆಗೂ ನಮ್ಮನ್ನು ಇಳಿಸಿಕೊಂಡು ಹೋಗುತ್ತಾರೆ. ಕಥೆಯಲ್ಲಿ ನೀರು ಬರುವ ಹೊತ್ತಿಗೆ ಕೇಳುವವರ ಕಣ್ಣಲ್ಲೇ ನೀರು ಬಂದಿರುತ್ತದೆ. ನಾನು ಅವರ ಹೆಂಡತಿಯ ತಂಗಿ. ಭಾವನನ್ನು ಆಡಿಕೊಳ್ಳುವ ಹಕ್ಕು ಅಕ್ಕನ ಮದುವೆಯ ದಿನವೇ ನನಗೆ ಬಂತು, ಅದನ್ನು ನಾನು ಬಿಟ್ಟುಕೊಟ್ಟವಳಲ್ಲ.

ಭಾವನ ಆಯುಷ್ಯದ ಮುಕ್ಕಾಲು ಪಾಲು ಒಂದೇ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಕಳೆಯಿತು. ಲಾರಿ ನಿಂತಲ್ಲೆಲ್ಲ ಜನ ಸುತ್ತುಗಟ್ಟಿ ಅದನ್ನೇ ಕೇಳುತ್ತಿದ್ದರು: ‘ನೀರು ಸಿಕ್ತಾ, ಬೋರಣ್ಣ?’ ಜಮೀನಿನ ಯಜಮಾನ ಕೇಳುತ್ತಿದ್ದ, ಅವನ ಹೆಂಡತಿ ಬಾಗಿಲ ಮರೆಯಿಂದ ಕೇಳುತ್ತಿದ್ದಳು, ದಾರಿಹೋಕರು ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. ಭಾವ ತಟ್ಟನೆ ಹೇಳುವ ಪೈಕಿ ಅಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಪೈಪಿನ ಬಾಯಿಗೆ ಕಿವಿಗೊಟ್ಟು, ಒಂದು ಸಣ್ಣ ಕಲ್ಲು ಒಳಗೆ ಹಾಕಿ, ಅದು ಬಿದ್ದ ಸದ್ದು ಕೇಳಿ, ಆಮೇಲೆ ಬಾಯಿ ಬಿಡುತ್ತಿದ್ದರು. ಅಲ್ಲಿಯವರೆಗೂ ಎಲ್ಲರ ಕಣ್ಣು ಅವರ ಬಾಯಿಯ ಮೇಲೆಯೇ. ಮನೆಯಲ್ಲಾದರೆ ಅವರು ಒಂದು ಮಾತಾಡುವಷ್ಟರಲ್ಲಿ ಅಕ್ಕ ಮೂರು ಮಾತಾಡಿ ಮುಗಿಸಿರುತ್ತಿದ್ದಳು. ಹೊರಗೆ ಅವರ ಒಂದು ಮಾತಿಗೆ ಜನ ಬಿಸಿಲಲ್ಲಿ ಕಾಯುತ್ತಿದ್ದರು. ಆ ಸುಖಕ್ಕಾಗಿಯೇ ಅವರು ಆ ಕೆಲಸ ಬಿಡಲಿಲ್ಲ ಎಂದು ನನಗೆ ಅನಿಸುತ್ತದೆ.

ಆ ಕಸುಬಿನಲ್ಲಿ ನೀರು ಅಂದರೆ ಪಂಪು ಇಳಿಸಿ ಎತ್ತುವಷ್ಟು ನೀರು. ಅದಕ್ಕಿಂತ ಕಡಿಮೆಯದನ್ನು ಯಾರೂ ನೀರು ಅನ್ನುವುದಿಲ್ಲ. ಮೇಲಿನ ಪದರದಲ್ಲಿ ಒಂದಿಷ್ಟು ಜಿನುಗಿದರೆ ಭಾವ ಅದನ್ನು ‘ಬೆವರು’ ಅನ್ನುತ್ತಿದ್ದರು. ‘ನೆಲಕ್ಕೂ ಬೆವರು ಬರುತ್ತೆ ಕಣಮ್ಮ. ಬೆವರು ನೋಡಿ ನೀರು ಅಂತ ಕುಣಿದಾಡೋನು ಬೋರಿನವನಲ್ಲ’ ಅಂತ ನನಗೇ ಎಷ್ಟೋ ಸಲ ಪಾಠ ಹೇಳಿದ್ದಾರೆ. ಇನ್ನೊಂದು ಕಟ್ಟುನಿಟ್ಟೂ ಅವರಿಗಿತ್ತು. ನೀರು ಬಾರದ ಬೋರನ್ನು ತುಂಬಿ, ತುಳಿದು, ಮೇಲೊಂದು ಕಲ್ಲು ಹೇರದೆ ಜಾಗ ಬಿಡುತ್ತಿರಲಿಲ್ಲ. ಯಾರೋ ಬಾಯಿ ಮುಚ್ಚದೆ ಬಿಟ್ಟುಹೋಗಿದ್ದ ಬೋರಿಗೆ ಹಿಂದೆ ಒಂದು ಮಗು ಬಿದ್ದಿತ್ತು. ಪಕ್ಕದಲ್ಲಿ ಇನ್ನೊಂದು ಗುಂಡಿ ಕೊರೆಯಲು ಇವರ ಲಾರಿಯನ್ನೂ ಕರೆಸಿದ್ದರು. ಎಲ್ಲ ಕಥೆಗಳನ್ನೂ ಎಳೆದೆಳೆದು ಹೇಳುವ ಭಾವ ಅದೊಂದನ್ನು ಮಾತ್ರ ಎಳೆಯಲಿಲ್ಲ. ‘ನಾವು ಹೋಗೋದು ತಡವಾಯ್ತು’ ಅಂದು ಎದ್ದುಹೋಗಿದ್ದರು.

ವಯಸ್ಸಾದ ಮೇಲೆ ಮೊಣಕಾಲು ಕೈಕೊಟ್ಟಿತು. ಲಾರಿ ಹತ್ತಿಳಿಯುವುದು ಆಗದೆ ಹೋದಾಗ ಮಣ್ಣು ಪರೀಕ್ಷೆಯ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಕಟ್ಟಡ ಏಳುವ ಮೊದಲು ಆ ಜಾಗದಲ್ಲಿ ಅಲ್ಲಲ್ಲಿ ಬೋರು ಹಾಕಿ, ಯಾವ ಆಳದಲ್ಲಿ ಎಂಥ ಮಣ್ಣಿದೆ, ಎಷ್ಟು ಗಟ್ಟಿ ಇದೆ, ನೀರು ಎಷ್ಟು ಕೆಳಗಿದೆ ಎಂದು ನೋಡುವ ಕೆಲಸ ಅದು. ಮೂರು ಕಾಲಿನ ಒಂದು ಚಿಕ್ಕ ಯಂತ್ರ, ನೆಲದ ಗಟ್ಟಿತನ ನೋಡಲು ಎತ್ತಿ ಬಿಡುವ ಕಬ್ಬಿಣದ ಗುಂಡು, ಮಣ್ಣು ತುಂಬಲು ಪ್ಲಾಸ್ಟಿಕ್ ಚೀಲ. ಆನೆ ಓಡಿಸಿದವನಿಗೆ ಕುರಿ ಕಾಯಲು ಕೊಟ್ಟರು ಅಂತ ಭಾವ ಗೊಣಗಿದರು. ನಾನು ಸುಮ್ಮನಿರಲಿಲ್ಲ. ‘ಇಷ್ಟು ದಿನ ನೀರು ಬರಲಿ ಅಂತ ಕೊರೀತಿದ್ರಿ, ಇನ್ನು ಬರದಿರಲಿ ಅಂತ ಕೊರೀಬೇಕು. ನಮ್ಮನ್ನ ಕೊರೆಯೋದಂತೂ ಇದ್ದೇ ಇದೆಯಲ್ಲ’ ಅಂದೆ. ಭಾವ ನಕ್ಕರು. ಅದರಲ್ಲಿ ನಗುವಂಥದ್ದಲ್ಲದ ಒಂದು ಮಾತೂ ಇತ್ತು. ಅದು ಅವರಿಗೂ ಹೊಳೆಯಲಿಲ್ಲ, ಹೇಳಿದ ನನಗೂ ಹೊಳೆಯಲಿಲ್ಲ.

ಅವರ ಮೇಲಿನ ಇಂಜಿನಿಯರ್ ಒಬ್ಬ ಹುಡುಗಿ. ಆಗಷ್ಟೇ ರಿಪೋರ್ಟಿಗೆ ತನ್ನ ರುಜು ಹಾಕುವ ಅಧಿಕಾರ ಸಿಕ್ಕವಳು. ಭಾವನನ್ನು ‘ಅಣ್ಣ’ ಅನ್ನುತ್ತಿದ್ದಳು. ಪ್ರತಿ ಬೋರಿನ ಹತ್ತಿರವೂ ಬಂದು ನಿಂತು ‘ಅಣ್ಣ, ನೀರು ಸಿಕ್ತಾ?’ ಅಂತ ಕೇಳುತ್ತಿದ್ದಳು. ಹಳೆಯ ಪ್ರಶ್ನೆ ಮತ್ತೆ ಕಿವಿಗೆ ಬಿದ್ದದ್ದೇ ಭಾವನ ಗೊಣಗಾಟ ನಿಂತಿತು. ಆ ಹುಡುಗಿ ಮನೆಮಗಳ ಥರ ಅಂತ ಅಕ್ಕನ ಮುಂದೆ ಹೊಗಳಿದ್ದೇ ಹೊಗಳಿದ್ದು. ಮೊದಮೊದಲು ಹೋದ ಜಾಗಗಳೆಲ್ಲ ಎತ್ತರದ ಗಟ್ಟಿ ನೆಲ. ಅಲ್ಲಿ ನೀರೂ ಇರಲಿಲ್ಲ, ಬೆವರೂ ಇರಲಿಲ್ಲ. ಹಾಗಾಗಿ ಅವಳು ಕೇಳುವ ನೀರೂ ಭಾವ ಹೇಳುವ ನೀರೂ ಒಂದೇ ಅಲ್ಲ ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ.

ಬಸ್ ನಿಲ್ದಾಣದ ಹಿಂದೆ ತಗ್ಗಿನಲ್ಲೊಂದು ಖಾಲಿ ನಿವೇಶನವಿತ್ತು. ಮೇಲೆ ಮನೆಗಳು, ಕೆಳಗೆ ನೆಲಮಾಳಿಗೆಯಲ್ಲಿ ಅಂಗಡಿಗಳು ಇರುವ ಕಟ್ಟಡ ಅಲ್ಲಿ ಏಳಬೇಕಿತ್ತು. ಬಿರುಬೇಸಿಗೆ. ಹಿಂಭಾಗದ ಮೂಲೆಯ ಬೋರಿನಲ್ಲಿ ಎರಡಾಳು ಆಳಕ್ಕೆ ಹೋದಾಗ ಬೂದುಬಣ್ಣದ ಜೇಡಿ ಮಣ್ಣು ಬಂತು, ಕೊರೆಯುವ ಸಲಾಕೆಯ ತುದಿ ಒದ್ದೆಯಾಗಿ ಮೇಲೆ ಬಂತು. ಭಾವ ಆ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. ಅಂಟಿತು. ಬೆವರು ಅಂದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು. ಇದನ್ನೆಲ್ಲ ಅವರೇ ಆಮೇಲೆ ನಮಗೆ ಹೇಳಿದ್ದು.

ಆ ಹುಡುಗಿ ಅವತ್ತು ಬೇರೆ ಕಡೆ ಕೆಲಸದಲ್ಲಿದ್ದಳು. ಸಂಜೆ ಫೋನ್ ಮಾಡಿದಳು.

‘ಅಣ್ಣ, ನೀರು ಸಿಕ್ತಾ?’

ಭಾವ ಟವೆಲಿನಿಂದ ಮುಖ ಒರೆಸಿಕೊಂಡರಂತೆ. ಫೋನಿನಲ್ಲಿ ಯಾರು ನೋಡಬೇಕು, ಆದರೂ ಅಭ್ಯಾಸ.

‘ಎಲ್ಲಿಯ ನೀರಮ್ಮ. ಇಲ್ಲ.’

‘ಸರಿಯಾಗಿ ನೋಡಿದ್ರಾ?’

‘ನಿಮ್ಮ ವಯಸ್ಸಿಗಿಂತ ನನ್ನ ಬೋರಿನ ಕೆಲಸಕ್ಕೇ ಹೆಚ್ಚು ವಯಸ್ಸಾಗಿದೆ.’

ಅವಳು ನಕ್ಕಳು. ‘ಆದ್ರೂ ಬೋರು ಹಾಗೇ ಬಿಟ್ಟಿರಿ ಅಣ್ಣ. ಬೆಳಿಗ್ಗೆ ಬಂದು ಒಂದ್ಸಲ ನೋಡ್ತೀನಿ.’

ಜೇಡಿಯಲ್ಲಿ ನೀರು ನಿಧಾನಕ್ಕೆ ಒಸರುತ್ತದೆ. ತನ್ನ ಮಟ್ಟಕ್ಕೆ ಬಂದು ನಿಲ್ಲಲು ಒಂದು ರಾತ್ರಿಯಾದರೂ ಬೇಕು, ಅದಕ್ಕೇ ಬಿಟ್ಟಿರಿ ಅಂದದ್ದು. ಭಾವನ ತಲೆಯಲ್ಲಿ ಇದ್ದದ್ದು ಬೇರೆ. ನೀರಿಲ್ಲದ ಬೋರು, ಬೇಲಿಯಿಲ್ಲದ ಜಾಗ, ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳು. ಹೊರಡುವ ಮೊದಲು ಗುಂಡಿ ತುಂಬಿ, ತುಳಿದು, ಕಲ್ಲು ಹೇರಿ ಬಂದರು. ಮರುದಿನ ಅವಳು ಬಂದು ನೋಡಿದರೆ ಬೋರೇ ಇಲ್ಲ.

‘ಯಾಕಣ್ಣ ಮುಚ್ಚಿದ್ರಿ? ಬಿಟ್ಟಿರಿ ಅಂದಿದ್ನಲ್ಲ.’

‘ಬಾಯಿ ತೆರೆದಿಟ್ಟು ಮನೆಗೆ ಹೋದ್ರೆ ನನಗೆ ನಿದ್ದೆ ಬರಲ್ಲಮ್ಮ’ ಅಂದು, ಆ ಮಗುವಿನ ಕಥೆ ಹೇಳಿದರು. ಅವಳ ಕಣ್ಣು ಒದ್ದೆಯಾಯಿತಂತೆ. ಆ ಕಥೆ ಕೇಳಿದ ಮೇಲೆ ಇನ್ನೊಂದು ಬೋರು ಹಾಕಿ ಅಂತ ಹಿರಿಯರಿಗೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಕೇಳಿದ್ದಾಗಿತ್ತು, ಇಲ್ಲ ಅಂದಿದ್ದರು. ಅಂತರ್ಜಲ ಕಂಡುಬಂದಿಲ್ಲ ಎಂದು ಬರೆದು ರುಜು ಹಾಕಿದಳು.

ಕಟ್ಟಡ ಎದ್ದಿತು. ನನ್ನ ಹೊಲಿಗೆ ಅಂಗಡಿಗೆ ನಾನು ಜಾಗ ಹುಡುಕುತ್ತಿದ್ದ ಹೊತ್ತು ಅದು. ನೆಲಮಾಳಿಗೆಯ ಅಂಗಡಿ ತೋರಿಸಿದಾಗ ನನಗೆ ಮನಸ್ಸಿರಲಿಲ್ಲ. ಕೆಳಗೆ ತೇವ ಹಿಡಿದರೆ ಬಟ್ಟೆಗೆ ಬೂಷ್ಟು ಬರುತ್ತದೆ ಅಂದೆ. ಭಾವ ಎದೆ ಮುಟ್ಟಿಕೊಂಡು ‘ನಾನೇ ಕೊರೆದ ಜಾಗ. ಒಂದು ತೊಟ್ಟು ನೀರಿಲ್ಲ. ಕಣ್ಮುಚ್ಚಿಕೊಂಡು ತಗೋ’ ಅಂದರು. ಭಾವನನ್ನು ಎಲ್ಲದರಲ್ಲೂ ಆಡಿಕೊಳ್ಳುವ ನಾನು ನೀರಿನ ವಿಷಯದಲ್ಲಿ ಮಾತ್ರ ಅವರ ಮಾತನ್ನು ತೆಗೆದುಹಾಕಿದವಳಲ್ಲ. ತಗೊಂಡೆ.

ಮೊದಲ ಮಳೆಗಾಲ ಹೇಗೋ ಕಳೆಯಿತು, ಆ ವರ್ಷ ಮಳೆಯೇ ಸರಿಯಾಗಿರಲಿಲ್ಲ. ಎರಡನೆಯದು ಹಿಡಿದು ಬಡಿಯಿತು. ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಶಾಲೆಯ ಮಕ್ಕಳಿಗೆಂದು ಕತ್ತರಿಸಿಟ್ಟಿದ್ದ ಬಿಳಿ ಅಂಗಿಗಳ ಕಟ್ಟು ಕೆಳಗಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲಿಂದ ನೀರು ಇಳಿದಿರಲಿಲ್ಲ, ಗೋಡೆಯೂ ಸೋರಿರಲಿಲ್ಲ. ಟೈಲ್ಸಿನ ಸಂದಿಯಿಂದ ನೀರು ಸದ್ದಿಲ್ಲದೆ ಏಳುತ್ತಿತ್ತು. ಒರೆಸಿದರೆ ಮತ್ತೆ ಬರುತ್ತಿತ್ತು. ನಾನು ಕಟ್ಟಡದ ಮಾಲೀಕರಿಗೆ ಫೋನ್ ಮಾಡುವ ಮೊದಲು ಭಾವನಿಗೆ ಮಾಡಿದೆ.

ಬರುವಾಗ ದಾರಿಯುದ್ದಕ್ಕೂ ಪೈಪು ಒಡೆದಿರಬೇಕು, ಪ್ಲಂಬರುಗಳೇ ಹಾಗೆ ಅಂತ ಬೈಯುತ್ತಲೇ ಬಂದರು. ಬಂದವರು ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡು ಮೂಸಿದರು. ನಲ್ಲಿ ನೀರಿಗೆ ಇರುವ ಔಷಧದ ವಾಸನೆ ಇರಲಿಲ್ಲ. ಹೊಸದಾಗಿ ಕೊರೆದ ಮಣ್ಣಿನ ವಾಸನೆ ಇತ್ತು. ಆ ವಾಸನೆ ಅವರಿಗೆ ಗೊತ್ತಿಲ್ಲದ್ದೇ? ಬೊಗಸೆ ಬಿಟ್ಟರು, ನನ್ನ ಮುಖ ನೋಡಲಿಲ್ಲ, ಪೊರಕೆ ತೆಗೆದುಕೊಂಡು ನೀರು ತಳ್ಳತೊಡಗಿದರು. ಮಧ್ಯಾಹ್ನದವರೆಗೆ ಒಂದು ಮಾತಾಡಲಿಲ್ಲ. ನಮ್ಮ ಬೋರಣ್ಣ ಮಾತಾಡದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು, ನನ್ನ ಅಂಗಿಗಳಿಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾಲೀಕರು ಮಣ್ಣು ಪರೀಕ್ಷೆಯ ರಿಪೋರ್ಟ್ ಹೊರಗೆ ತೆಗೆದರು. ಅದರ ಕೆಳಗೆ ಇದ್ದದ್ದು ಆ ಹುಡುಗಿಯ ರುಜು. ಜಾಗಕ್ಕೆ ಹೋಗದೆ ಕೂತಲ್ಲೇ ಬರೆದಿದ್ದಾಳೆ, ಅವಳನ್ನು ಕೆಲಸದಿಂದ ತೆಗೆಯದಿದ್ದರೆ ಆಫೀಸಿನ ಮಾನ ಬೀದಿಗೆ ತರುತ್ತೇನೆ ಎಂದು ಹಾರಾಡಿದರು. ಈ ಸುದ್ದಿ ಹೇಳಲು ನಾನು ಅಕ್ಕನ ಮನೆಗೆ ಹೋದೆ. ಭಾವನ ಮುಂದೆ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವ ಹೆಗಲ ಟವೆಲ್ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ಅವಳೇ ಬರುತ್ತಿದ್ದಳು. ಭಾವ ಎದ್ದವರು ಸೀದಾ ಬಚ್ಚಲು ಮನೆಗೆ ನುಗ್ಗಿ ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟುಕೊಂಡರು.

‘ಅಣ್ಣ ಇದ್ದಾರಾ?’

‘ಮನೇಲಿಲ್ಲಮ್ಮ, ಹೊರಗೆ ಹೋಗಿದ್ದಾರೆ’ ಅಂದಳು ಅಕ್ಕ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿ ಕೆಂಪಾಯಿತು. ಬಾಗಿಲ ಬಳಿಯೇ ಭಾವನ ಚಪ್ಪಲಿ ಇತ್ತು. ಒಳಗೆ ಬಕೆಟ್ ತುಂಬಿ ಚೆಲ್ಲುವ ಸದ್ದು. ಸಾಲದ್ದಕ್ಕೆ ಭಾವ ಕೆಮ್ಮಿದರು. ಆ ಹುಡುಗಿ ಬಚ್ಚಲಿನ ಬಾಗಿಲ ಕಡೆ ನೋಡಿದಳು, ನೋಡದವಳಂತೆ ತಿರುಗಿಕೊಂಡಳು.

‘ಬಂದ ಮೇಲೆ ಒಂದು ಮಾತು ಕೇಳಿ ಅಕ್ಕ. ಆ ಹಿಂದಿನ ಮೂಲೆ ಬೋರಿನ ತಳ ಒಣಗಿತ್ತೋ, ಹಸಿ ಇತ್ತೋ. ಅವರ ಮೇಲೆ ಹಾಕೋದಕ್ಕಲ್ಲ, ನನಗೆ ಗೊತ್ತಾಗಬೇಕು ಅಷ್ಟೆ.’

ಹೋಗುವಾಗ ಆ ಚಪ್ಪಲಿಗೆ ಕಾಲು ತಾಗದಂತೆ ಪಕ್ಕಕ್ಕೆ ಸರಿದು ಹೋದಳು. ಅದನ್ನು ನೋಡಿ ನನಗೆ ಮೈಯೆಲ್ಲ ಹಿಡಿಯಷ್ಟಾಯಿತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಸಿಟ್ಟೆಲ್ಲ ಬಚ್ಚಲಿನ ಬಾಗಿಲ ಮೇಲೆ ತೀರಿಸಿಕೊಂಡೆ.

‘ಹೋದಳು. ನಲ್ಲಿ ನಿಲ್ಲಿಸಿ ಭಾವ, ಆ ನೀರಾದ್ರೂ ಉಳೀಲಿ.’

ನಲ್ಲಿ ನಿಂತಿತು. ಬಾಗಿಲು ತೆಗೆಯಲು ತುಂಬ ಹೊತ್ತಾಯಿತು. ಹೊರಗೆ ಬಂದು ಹೊಸ್ತಿಲ ಮೇಲೆ ಕೂತರು. ‘ಹಸಿ ಇತ್ತು’ ಅಂದರು. ಸಲಾಕೆ ಒದ್ದೆಯಾಗಿದ್ದು, ಪ್ಯಾಂಟಿಗೆ ಕೈ ಒರೆಸಿದ್ದು, ಗುಂಡಿ ಮುಚ್ಚಿದ್ದು ಎಲ್ಲ ಹೇಳಿದರು. ಜೀವನದಲ್ಲಿ ಅವರು ಹೇಳಿದ ಬೋರಿನ ಕಥೆಗಳಲ್ಲಿ ಅದೇ ಚಿಕ್ಕದು. ಕೊನೆಗೆ ‘ನನಗೆ ನಾಚಿಕೆಯಾಗುತ್ತೆ ಕಣೇ’ ಅಂತ ಅಕ್ಕನಿಗೆ ಹೇಳಿದರು. ‘ತಪ್ಪಾಗಿದ್ದಕ್ಕಲ್ಲ. ಬಚ್ಚಲಲ್ಲಿ ಕೂತಿದ್ದಕ್ಕೆ.’

ಮಾಲೀಕರು ಎಲ್ಲರನ್ನೂ ನೆಲಮಾಳಿಗೆಗೇ ಕರೆಸಿದರು. ಅಷ್ಟರಲ್ಲಿ ಮೊಣಕಾಲಿಗೆ ಏರಿದ್ದ ನೀರಿನಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಕಿ ಅಂಗಡಿಯವರು, ಮೇಲಿನ ಮನೆಯವರು ನಿಂತಿದ್ದರು. ಆ ಹುಡುಗಿ ಹಲಗೆ ಬಿಟ್ಟು ನೀರಲ್ಲೇ ನಿಂತಿದ್ದಳು. ಪಕ್ಕದಲ್ಲಿ ಅವಳ ಆಫೀಸಿನ ಹಿರಿಯರು. ‘ಇವರು ನೀರು ಹುಡುಕೋಕೆ ಬಂದಿದ್ರಾ, ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ರಾ?’ ಎಂದು ಮಾಲೀಕರು ಕೇಳುತ್ತಿದ್ದರು. ಹಿರಿಯರು ಇವಳನ್ನು ಕೆಲಸ ಬಿಡಿಸುತ್ತೇವೆ ಅನ್ನುವ ಮಾತಿಗೆ ಬಂದಿದ್ದರು. ಅವಳು ಯಾರ ಹೆಸರನ್ನೂ ಎತ್ತಲಿಲ್ಲ.

ಮೆಟ್ಟಿಲಲ್ಲಿ ಭಾವ ಮೊಣಕಾಲು ಹಿಡಿದುಕೊಂಡು ಇಳಿದು ಬಂದರು, ಹಿಂದೆ ಅಕ್ಕ.

‘ನೀರಿತ್ತು’ ಅಂದರು ಭಾವ.

‘ಯಾರ್ರೀ ನೀವು?’

‘ಇಲ್ಲಿ ಬೋರು ಹಾಕಿದವನು. ಮೇಡಂ ಕೇಳಿದ್ರು. ನಾನು ಇಲ್ಲ ಅಂದೆ. ಬೋರು ಬಿಟ್ಟಿರಿ ಅಂದ್ರು, ನಾನು ಮುಚ್ಚಿದೆ.’

‘ಇದ್ದದ್ದನ್ನ ಇಲ್ಲ ಅಂದ್ರಾ? ಯಾಕೆ?’

ಭಾವ ಟವೆಲಿಗೆ ಕೈ ಹಾಕಿದರು. ಮುಖ ಒರೆಸಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಅವರ ಬಾಯಿಯ ಮೇಲೆಯೇ ಇತ್ತು, ಹಿಂದಿನ ಹಾಗೆಯೇ.

‘ಕುಡಿಯೋಷ್ಟು ಇರಲಿಲ್ಲ ಸ್ವಾಮಿ.’

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ಕಿಸಕ್ಕೆಂದರು. ‘ಈಗ ನೋಡಿ ಯಜಮಾನ್ರೇ, ಈಜೋಷ್ಟಿದೆ’ ಅಂತ ಇನ್ನೊಬ್ಬರು ಸೇರಿಸಿದರು. ಇಡೀ ನೆಲಮಾಳಿಗೆ ನಕ್ಕಿತು. ಬೇರೆ ದಿನವಾಗಿದ್ದರೆ ಆ ಮಾತು ನನ್ನ ಬಾಯಿಂದಲೇ ಬರುತ್ತಿತ್ತು, ಅಷ್ಟು ಚೆನ್ನಾಗಿತ್ತು. ಅಕ್ಕ ನೀರು ನೋಡುತ್ತ ನಿಂತಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಆಯುಷ್ಯವಿಡೀ ಭೂಮಿಯ ಬಾಯಿ ಬಿಡಿಸಿದ ಮನುಷ್ಯನಿಗೆ ಅವತ್ತು ನಿಲ್ಲಲು ಒಂದು ಹಲಗೆಯೂ ಇರಲಿಲ್ಲ. ಮೊಣಕಾಲಿನವರೆಗೆ ನೀರಲ್ಲಿ ನಿಂತು ನಗು ಮುಗಿಯುವವರೆಗೂ ಕಾದರು.

‘ನಗಬೇಡಿ’ ಅಂದಳು ಆ ಹುಡುಗಿ. ‘ಬೋರು ಮುಚ್ಚಿದ್ದಾರೆ ಅಂತ ಗೊತ್ತಿದ್ದೂ ಇನ್ನೊಂದು ಹಾಕಿಸಿ ನೋಡ್ಲಿಲ್ಲ ನಾನು. ರುಜು ನಂದೇ. ಅವರು ಅವರ ಭಾಷೇಲಿ ಹೇಳಿದ್ರು, ನಾನು ನನ್ನ ಭಾಷೇಲಿ ಬರ್ಕೊಂಡೆ.’

ಅವಳ ಹೊರೆ ಇಳಿಸಲೆಂದು ಬಂದಿದ್ದ ಭಾವನಿಗೆ ಅವಳು ಅರ್ಧ ಹೊರೆ ಮತ್ತೆ ಹೊತ್ತುಕೊಂಡದ್ದನ್ನು ನೋಡಬೇಕಾಯಿತು. ಮನೆಗೆ ಬರುವವರೆಗೆ ಅವರು ನೆಲ ನೋಡಿಕೊಂಡೇ ನಡೆದರು.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ರುಜು ಹಾಕುವ ಅಧಿಕಾರ ಕಿತ್ತುಕೊಂಡರು. ಈಗ ಅವಳು ನೋಡಿ ಬಂದದ್ದಕ್ಕೆ ಇನ್ನೊಬ್ಬರು ರುಜು ಹಾಕುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಭಾವನ ಒಂದು ‘ಇಲ್ಲ’ಕ್ಕೆ ಇಬ್ಬರದೂ ಹೋಯಿತು. ನನ್ನ ಹೊಲಿಗೆ ಯಂತ್ರಗಳು ಮೇಲೆ ಮೆಟ್ಟಿಲ ಪಕ್ಕದ ಕಿರುಕೋಣೆಗೆ ಬಂದವು. ಭಾವನ ಮೇಲಿನ ನನ್ನ ಸಿಟ್ಟು ಇಳಿಯಲು ಆ ಮಳೆಗಾಲ ಪೂರ್ತಿ ಬೇಕಾಯಿತು. ಇಳಿದ ಮೇಲೂ ಹಿಂದಿನ ಹಾಗೆ ಆಡಿಕೊಳ್ಳಲು ನನಗೆ ಬಾಯಿ ಬರುತ್ತಿರಲಿಲ್ಲ, ಬೋರಣ್ಣ ಅಂದರೂ ಅವರು ಬೆಚ್ಚುತ್ತಿದ್ದರು.

ಕಟ್ಟಡದ ಸುತ್ತ ಕಾಲುವೆ ತೆಗೆದು ನೀರು ಹರಿಸಬೇಕು ಎಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಹಿತ್ತಲಲ್ಲಿ ಬೋರು ಹಾಕಿ ನೀರಿನ ಮಟ್ಟ ತಿಳಿಯಬೇಕು. ಅವಳು ಭಾವನಿಗೇ ಹೇಳಿ ಕಳಿಸಿದಳು. ಭಾವ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮಣ್ಣಿನ ಕೆಲಸಕ್ಕೆ ಇಸ್ತ್ರಿ ಅಂಗಿ ಯಾಕೆ ಅಂತ ಅಕ್ಕ ಕೇಳಿದ್ದಕ್ಕೆ ಕಾಲರ್ ಸರಿಮಾಡಿಕೊಂಡು ಹೊರಟುಬಿಟ್ಟರಂತೆ. ಕೊರೆದರು. ಬೋರಿನೊಳಗೆ ಪೈಪು ಇಳಿಸಿ, ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿ, ಬಾಯಿಗೆ ತಗಡು ಮುಚ್ಚಿ, ರಾತ್ರಿಯಿಡೀ ಕಾವಲು ಕೂತರು. ಮಣ್ಣು ತುಂಬಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ.

ಬೆಳಿಗ್ಗೆ ನಾನು ಅವರಿಗೆ ಚಹಾ ತೆಗೆದುಕೊಂಡು ಹೋದಾಗ ಅವಳು ಬಂದಳು. ಭಾವ ಎದ್ದು ನಿಂತರು. ಟವೆಲಿನಿಂದ ಮುಖ ಒರೆಸಿಕೊಂಡರು. ಉತ್ತರ ಅವರ ನಾಲಿಗೆಯ ತುದಿಯಲ್ಲಿ ಇತ್ತು, ನನಗೆ ಕಾಣುತ್ತಿತ್ತು. ಹಸಿಯನ್ನೂ ಬಿಡದೆ, ಬೆವರನ್ನೂ ಬಿಡದೆ, ಈ ಸಲ ಎಲ್ಲ ಹೇಳುವವರಿದ್ದರು.

‘ನಮಸ್ಕಾರ ಅಣ್ಣ’ ಅಂದಳು. ಮೊದಲಿನಷ್ಟೇ ಮೆತ್ತಗೆ. ಆಮೇಲೆ ಚೀಲದಿಂದ ಅಳತೆ ಟೇಪು ತೆಗೆದು, ತಗಡು ಸರಿಸಿ, ಮಂಡಿಯೂರಿ ಕೂತು ತಾನೇ ಬೋರಿನೊಳಗೆ ಇಳಿಬಿಟ್ಟಳು. ಟೇಪು ಒದ್ದೆಯಾದ ಗುರುತು ನೋಡಿದಳು, ಬರೆದುಕೊಂಡಳು. ಮತ್ತೊಮ್ಮೆ ಇಳಿಬಿಟ್ಟು ನೋಡಿದಳು. ‘ಆಯ್ತು ಅಣ್ಣ, ಥ್ಯಾಂಕ್ಸ್’ ಎಂದು ಮುಂದಿನ ಬೋರಿಗೆ ಗುರುತು ಹಾಕಿದ್ದ ಜಾಗದ ಕಡೆ ನಡೆದಳು. ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೊದಲಿನಿಂದಲೂ ಹಾಗೆಯೇ ಮಾಡಬೇಕಿತ್ತು.

ಭಾವ ಟವೆಲ್ ಕೈಯಲ್ಲೇ ಹಿಡಿದು ನಿಂತಿದ್ದರು. ಚಹಾದ ಲೋಟ ಚಾಚಿ, ಹಳೆಯ ಸಲಿಗೆಯಲ್ಲೇ ಕೇಳಿದೆ:

‘ನೀರು ಸಿಕ್ತಾ ಭಾವ?’

ಅವರು ಲೋಟ ತೆಗೆದುಕೊಂಡರು. ‘ಮೇಡಂ ನೋಡಿದ್ದಾರೆ’ ಅಂದರು. ‘ಅವರನ್ನ ಕೇಳಮ್ಮ.’